ಹುಂಜವಿಲ್ಲದ ಇಪ್ಪತ್ತೊಂದು ದಿನ

ತನ್ನ ತಂಗಿಯ ಬಾಣಂತನಕ್ಕೆಂದು ಹೆಂಡತಿ ಗಿರಿಜೆ ಎರಡು ತಿಂಗಳು ಬಜಗೋಳಿಗೆ ಹೊರಟಾಗ, ಅಲೆವೂರಿನ ನಮ್ಮ ಹಿತ್ತಿಲಲ್ಲಿ ಉಳಿದಿದ್ದದ್ದು ಮೂರು ಮುದಿ ಹೇಂಟೆ, ಒಂದು ಹುಂಜ. ಉಳಿದವನ್ನು ರೋಗ ಕೊಂಡೊಯ್ದಿತ್ತು. ಅವಳ ಅಮ್ಮ ಕೊಟ್ಟ ತಳಿ ಅದು.

"ಹೇಂಟೆ ಕಾವಿಗೆ ಕೂತರೆ ಮೊಟ್ಟೆ ಇಡಿ. ಈ ಸಲ ಮರಿ ಆಗದಿದ್ದರೆ ಅಮ್ಮನ ಕೋಳಿ ಮುಗಿದ ಹಾಗೆ" ಎಂದಳು.

"ಅದೆಂತ ದೊಡ್ಡ ಕೆಲಸ?" ಎಂದೆ. ನಾನು ಹೈಸ್ಕೂಲಿನ ಗಣಿತ ಮಾಸ್ತರ; ಬೇಸಿಗೆ ರಜೆ, ದಿನವಿಡೀ ಮನೆಯಲ್ಲೇ.

ಮೊದಲ ವಾರವೇ ಲೆಕ್ಕ ಹಾಕಿದೆ. ಹೇಂಟೆಗಳು ತಿಂದ ಅಕ್ಕಿಗೆ ಮೊಟ್ಟೆ ಕೊಡುತ್ತಿದ್ದವು. ಹುಂಜದ ಕೊಡುಗೆ ಸೊನ್ನೆ. ಭಾನುವಾರ ಸಹೋದ್ಯೋಗಿಗಳನ್ನು ಕರೆದು, ರೊಟ್ಟಿಯ ಜೊತೆ ಆ ಸೊನ್ನೆಯನ್ನು ಬಡಿಸಿದೆ. ರುಚಿಯಾಗಿತ್ತು.

ತಿಂಗಳ ನಂತರ ಒಂದು ಹೇಂಟೆ ಕಾವಿಗೆ ಕೂತಿತು. ಹಳೆಯ ಮೊಟ್ಟೆಗಳನ್ನೆಲ್ಲ ಆಮ್ಲೆಟ್ ಮಾಡಿ ಮುಗಿಸಿ, ಹೊಸ ಹನ್ನೊಂದನ್ನು ಇಟ್ಟೆ. ಹದಿಮೂರು ಎನ್ನುತ್ತಾಳೆ ಗಿರಿಜೆ. ನೆನಪು ನನ್ನ ಪರ ಸಾಕ್ಷಿ ಹೇಳುವಾಗಲೆಲ್ಲ ನನಗೇ ಅನುಮಾನ; ಹದಿಮೂರೇ ಇರಬೇಕು. ಪ್ರತಿಯೊಂದಕ್ಕೂ ಪೆನ್ಸಿಲಿನಿಂದ ನಂಬರ್ ಬರೆದೆ. ದಿನಾ ಹೇಂಟೆಯನ್ನು ಎಬ್ಬಿಸಿ ಹಾಜರಿ ತೆಗೆದುಕೊಂಡೆ. ಅದು ನನ್ನ ಕೈಯನ್ನು ಹನ್ನೆರಡು ಕಡೆ ಕುಕ್ಕಿತು.

ಇಪ್ಪತ್ತೊಂದನೆಯ ದಿನ ಗಿರಿಜೆ ಬಂದಳು. ಗೂಡಿನಲ್ಲಿ ಸದ್ದಿಲ್ಲ.

"ಹುಂಜ ಎಲ್ಲಿ?"

"ಅದು ಮೊಟ್ಟೆ ಇಡುವುದಿಲ್ಲ ಅಲ್ವಾ? ಹಾಗೆ ಸಾರು ಮಾಡಿದೆವು."

"ಯಾವಾಗ?"

"ನೀನು ಹೋದ ವಾರವೇ."

ಅವಳು ಜಗಲಿಯ ಮೇಲೆ ಕುಳಿತಳು. ಪಕ್ಕದ ಮನೆಯ ಕಮಲಕ್ಕ ಗೋಡೆ ಹಿಡಿದು ನಗತೊಡಗಿದರು. "ನಿಮ್ಮ ಲೆಕ್ಕದಲ್ಲಿ ಗಂಡಸಿಗೆ ಎಂತದೂ ಕೆಲಸ ಇಲ್ವಾ ಮಾಸ್ಟ್ರೇ?"

ಇಬ್ಬರು ಮಕ್ಕಳ ತಂದೆಯಾದ ನನಗೆ ಆಗ ಸೃಷ್ಟಿಯ ರಹಸ್ಯ ಹೊಳೆಯಿತು!

ಮರುದಿನ ಬೆಳಿಗ್ಗೆ ಏಳನೆಯ ನಂಬರ್ ಒಡೆಯಿತು. ಒಂದೇ ಮರಿ, ಹೆಣ್ಣು ಎಂದು ಆಮೇಲೆ ಗೊತ್ತಾಯಿತು.

"ನೋಡು, ನನ್ನ ಶ್ರದ್ಧೆಯ ಫಲ" ಎಂದೆ.

"ನಮ್ಮ ಕೆಂಪು ಹುಂಜ ಗೋಡೆ ಹಾರಿ ಬಂದಾಗಲೆಲ್ಲ ತೆಂಗಿನ ಸಿಪ್ಪೆ ಬಿಸಾಡಿ ಓಡಿಸಿದಿರಿ" ಎಂದರು ಕಮಲಕ್ಕ. "ಒಂದು ದಿನ ಉಡುಪಿಗೆ ಹೋಗಿದ್ದಿರಿ, ಅಲ್ವಾ?"

ಅವಳ ಅಮ್ಮನ ತಳಿ ಉಳಿದದ್ದು ನಾನು ಮನೆಯಲ್ಲಿಲ್ಲದ ಆ ಒಂದು ದಿನದಿಂದ.

ಮುಂದಿನ ವರ್ಷ ತವರಿಗೆ ಹೋಗುವಾಗ ಗಿರಿಜೆ ಕೋಳಿಗಳನ್ನು ಕಮಲಕ್ಕನಿಗೆ ಒಪ್ಪಿಸಿದಳು. "ಇವರನ್ನು ಗೂಡಿನ ಹತ್ತಿರ ಬಿಡಬೇಡಿ" ಎಂದೂ ಹೇಳಿದಳು.

ಆ ಸಲ ಒಂಬತ್ತು ಮರಿಗಳಾದವು. ನಾನು ಕಿಟಕಿಯಿಂದ ನೋಡಿದೆ.