ಅವ್ವಗ ಗೊತ್ತಾಗದಂಗ ಒಂದು ಎಂಜಿನ್

ಮಿರಜದಲ್ಲಿ ನನ್ನದೊಂದು ಗ್ಯಾರೇಜು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಶಿವನ ಹೆಸರು ಹೇಳಿ ಶಟರ್ ಎತ್ತುತ್ತೇನೆ. ಆಮೇಲೆ ಒಳಗೆ ಬರುವ ಗಾಡಿಯನ್ನೂ ಅವನೇ ಕಳಿಸಿದ್ದು, ಗಾಡಿಯ ಜೊತೆ ಬರುವ ಮನುಷ್ಯನನ್ನೂ ಅವನೇ ಕಳಿಸಿದ್ದು ಅಂತ ತಿಳಿದುಕೊಂಡುಬಿಟ್ಟರೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಗಾಡಿಯ ರೋಗ ನಾಲ್ಕೈದು ತರಹದ್ದು, ಮನುಷ್ಯರದು ದಿನಕ್ಕೊಂದು ಹೊಸದು. ಹಾಗಾಗಿ ನಮ್ಮಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಹೋದ ಶ್ರಾವಣದಲ್ಲಿ ಬಂದ ಒಂದೇ ಗಾಡಿಯ ಸುದ್ದಿ ಹೇಳಿದರೆ ಸಾಕು.

ಪಿಸುಮಾತಿನ ಗಿರಾಕಿ

ಸಾಂಗ್ಲಿಯ ಅರಿಷಿಣ ವ್ಯಾಪಾರಿ ಒಬ್ಬರು. ನಮ್ಮವರೇ, ಹಳೆಯ ಪರಿಚಯ. ನಾವೆಲ್ಲ ಸಾವಕಾರ್ರು ಅಂತೀವಿ. ಪೇಟೆಯಲ್ಲಿ ಅವರ ದನಿ ನಾಲ್ಕು ಅಂಗಡಿ ಆಚೆಗೆ ಕೇಳಿಸುತ್ತದೆ. ಅವತ್ತು ಗ್ಯಾರೇಜಿಗೆ ಬಂದವರು ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದರು.

“ಮಿಸ್ತ್ರಿ, ನಮ್ಮ ಬಿಳಿ ಗಾಡಿಗೆ ದೊಡ್ಡ ಎಂಜಿನ್ ಹಾಕ್ರಿ. ಆದರ ಗಾಡಿ ಹಾಂಗs ಇರಬೇಕು.”

“ಹಾಂಗs ಅಂದ್ರ?”

“ಹಾಂಗs ಅಂದ್ರ ಹಾಂಗs. ಹಿಂದಿನ ಬಾಗಲಾ ಕಿರ್ರ್ ಅಂತೈತಲ್ಲ, ಅದಕ್ಕ ಎಣ್ಣಿ ಸುದ್ದಾ ಬಿಡಬ್ಯಾಡ್ರಿ.”

ಕಾರಣ ಅವರ ಅವ್ವ. ಗಾಡಿ ಅವರ ಅಪ್ಪ ಕೊಂಡದ್ದು. ಅಪ್ಪ ತೀರಿಹೋದ ಮೇಲೆ ಅವ್ವ ಒಂದು ಮಾತು ಹೇಳಿಬಿಟ್ಟಿದ್ದಾಳೆ: “ಇದರದೊಂದು ಮೊಳಿ ಬದಲಾದ್ರೂ ನಾ ಇದರಾಗ ಕಾಲಿಡಂಗಿಲ್ಲ.” ಶ್ರಾವಣ ಸೋಮವಾರ ಬಂತೆಂದರೆ ಅವ್ವ ದಂಡೋಬಾ ಗುಡ್ಡದ ಶಿವನ ಗುಡಿಗೆ ಹೋಗಲೇಬೇಕು, ಜೊತೆಗೆ ಅವಳ ತಂಗಿಯರು, ಇಬ್ಬರು ಮಾವಶಿಯರೂ ಬೇಕು. ಆ ಪುಟ್ಟ ಎಂಜಿನ್ನಿಗೆ ಮೂವರು ಹಿರಿಯರ ಭಾರ ಎಳೆಯುವ ಶಕ್ತಿ ಉಳಿದಿರಲಿಲ್ಲ. ಅರ್ಧ ಗುಡ್ಡ ಏರುವಷ್ಟರಲ್ಲಿ ಕುದಿದು ಹೊಗೆ ಬಿಟ್ಟು ನಿಂತುಬಿಡುತ್ತಿತ್ತು. ಆರಿದ ಮೇಲೆ ಸಾವಕಾರ್ರು ರೇಷ್ಮೆ ಧೋತರ ಮೇಲೆತ್ತಿ ಕಟ್ಟಿಕೊಂಡು ನೂಕಬೇಕು. ಗುಡ್ಡಕ್ಕೆ ಹೋಗಲು ಅವ್ವ ಬೇರೆ ಗಾಡಿ ಹತ್ತುವುದಿಲ್ಲ. ಈ ಗಾಡಿ ಕೈಕೊಟ್ಟರೆ ನಡೆದೇ ಏರುತ್ತೇನೆ ಅನ್ನುತ್ತಾಳೆ. ಅವಳ ಮೊಣಕಾಲು ನೋಡಿದ ಡಾಕ್ಟರು ಮನೆಯ ಮೆಟ್ಟಿಲನ್ನೇ ಬೇಡ ಅಂದಿದ್ದಾರೆ.

ನನಗೆ ಆಗಲೇ ಒಂದು ಕುತೂಹಲ ಹುಟ್ಟಿತು. ಅದೇ ಅವ್ವ ಅದೇ ಗಂಡ ತಂದ ಟಿವಿ ಬದಲಿಸಿದ್ದಾಳೆ, ಅವನು ತಂದ ಕಪಾಟು ಮಾರಿದ್ದಾಳೆ, ಕೈಯಲ್ಲಿ ಹೊಸ ಮೊಬೈಲು ಹಿಡಿದು ತಂಗಿಯರ ಜೊತೆ ಮುಖ ನೋಡುತ್ತ ಮಾತಾಡುತ್ತಾಳೆ. ಗಾಡಿಯ ಮೇಲೆ ಮಾತ್ರ ಯಾಕೆ ಇಷ್ಟು ಹಟ?

“ಆರ್‌ಟಿಓದಾಗ ಅರ್ಜಿ ಕೊಟ್ಟು ಪರವಾನಗಿ ತಗೋಬೇಕಾಗ್ತೈತ್ರಿ,” ಅಂದೆ.

“ಸರಕಾರಕ್ಕ ಎಲ್ಲಾ ಹೇಳೂಣು. ಅವ್ವಗ ಬ್ಯಾಡ.”

“ಸಾವಕಾರ್ರ, ಕೊರಳಾಗ ಲಿಂಗ ಐತಿ. ಅಕಿ ಬಂದು ಕೇಳಿದ್ರ ನಾ ಸುಳ್ಳ ಹೇಳಂಗಿಲ್ಲ.”

“ಸುಳ್ಳ ಯಾಕ ಹೇಳ್ತೀರಿ? ಅಕಿ ಬಂದ್ಲು ಅಂದ್ರ ಗಾಡಿ ಕೆಳಗ ಮಲಗಿಬಿಡ್ರಿ.”

ವಿಭೂತಿಯ ಪದರು

ಅದೇ ಕಂಪನಿಯ ದೊಡ್ಡ ಗಾಡಿಯೊಂದರ ಎಂಜಿನ್ ಸಿಕ್ಕಿತು. ಅದನ್ನು ಕೂರಿಸುವ ಕೆಲಸ ಮಾತ್ರ ಹೇಳಿದಷ್ಟು ಸಲೀಸಲ್ಲ. ಕೂರುವ ಜಾಗ ಕೊಯ್ದು ಬೆಸೆಯಬೇಕು. ತೂಕ ಹೆಚ್ಚಾಗಿ ಗಾಡಿ ಮೂಗು ಕೆಳಗೆ ಹಾಕುತ್ತದೆ, ಅದಕ್ಕೆ ಮುಂದಿನ ಸ್ಪ್ರಿಂಗ್ ಬದಲಿಸಬೇಕು. ಓಡುವ ಶಕ್ತಿ ಹೆಚ್ಚಿಸಿದ ಮೇಲೆ ನಿಲ್ಲುವ ಶಕ್ತಿಯನ್ನೂ ಹೆಚ್ಚಿಸಬೇಕು, ಅಂದರೆ ಬ್ರೇಕು. ದೊಡ್ಡ ರೇಡಿಯೇಟರನ್ನು ಹಳೆಯ ಜಾಲರಿಯ ಹಿಂದೆ ಹುದುಗಿಸಬೇಕು. ಇದೆಲ್ಲ ಆಯಿತು. ಸಾವಕಾರ್ರು ಬಾನೆಟ್ ಎತ್ತಿ ನೋಡಿ ತಲೆಗೆ ಕೈ ಹಚ್ಚಿದರು.

“ವಿಭೂತಿ ಎಲ್ಲಿ?”

ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಅವ್ವ ತನ್ನ ಕೈಯಾರೆ ಎಂಜಿನ್ನಿನ ಮೇಲ್ಮುಚ್ಚಳಕ್ಕೆ ಮೂರು ಬೆರಳಿನ ವಿಭೂತಿ ಎಳೆಯುತ್ತಾಳೆ, ಕುಂಕುಮ ಹಚ್ಚುತ್ತಾಳೆ. ಒರೆಸುವ ಪದ್ಧತಿ ಇಲ್ಲ. ಮೇಲಿಂದ ಮೇಲೆ ಬಳಿದು, ಎಣ್ಣೆಯ ಬಿಸಿಗೆ ಸುಟ್ಟು, ಅದು ಗೋಡೆಯ ಗಾರೆಯಷ್ಟು ದಪ್ಪಗಾಗಿತ್ತು. ಹೊಸ ಎಂಜಿನ್ನಿನ ಮುಚ್ಚಳ ಹೊಳೆಯುತ್ತಿತ್ತು. ಹಳೆಯ ಮುಚ್ಚಳ ಇದಕ್ಕೆ ಕೂರುವುದಿಲ್ಲ, ಅಳತೆ ಬೇರೆ.

ಕೊನೆಗೆ ಹಳೆಯ ಮುಚ್ಚಳದ ಮೇಲಿನ ತಗಡನ್ನು ಪದರಿನ ಸಮೇತ ಕೊಯ್ದು ಹೊಸದರ ಮೇಲೆ ಟೋಪಿಯಂತೆ ಹೊದಿಸಿದೆ. ದೇವರ ಗುರುತು ಉದುರಬಾರದಲ್ಲ. ಹಾಗಾಗಿ ಕೊಯ್ಯುವ ಮೊದಲು ಕೈಮುಗಿದೆ, ಬೆಸುಗೆಯ ಕಿಡಿ ಸಿಡಿಯದಂತೆ ಹಸಿ ಅರಿವೆ ಹೊದಿಸಿದೆ. ಇಷ್ಟು ಮಡಿಯಲ್ಲಿ ನಾನು ಯಾವ ಗಾಡಿಯನ್ನೂ ರಿಪೇರಿ ಮಾಡಿಲ್ಲ. ಸಾವಕಾರ್ರು ಮತ್ತೆ ಬಾನೆಟ್ ಎತ್ತಿದರು. ಅವರಿಗೇ ಗೊತ್ತಿಲ್ಲದಂತೆ ಚಪ್ಪಲಿ ಬಿಟ್ಟರು.

ಸಿತಾರದ ಕಾಕಾ

ಉಳಿದದ್ದು ದನಿ. ಹಳೆಯ ಎಂಜಿನ್ ಸಣ್ಣಗೆ ಗೊಣಗುತ್ತಿತ್ತು, ಹೊಸದು ಗಂಟಲು ತೆರೆದು ಗುಡುಗುತ್ತಿತ್ತು. ಹಿಂದಿನ ಗಲ್ಲಿಯಲ್ಲಿ ಸಿತಾರ ಮಾಡುವ ಒಬ್ಬ ಕಾಕಾ ಇದ್ದಾರೆ. ಒಣ ಕುಂಬಳಕಾಯಿಯ ಮೇಲೆ ಬೆರಳು ಬಡಿದು ಅದು ನಾಳೆ ಹೇಗೆ ನುಡಿಯುತ್ತದೆ ಅಂತ ಹೇಳುವವರು. ಹಳೆಯ ಎಂಜಿನ್ ಬಿಚ್ಚುವ ಮೊದಲೇ ಅವರನ್ನು ಕರೆದು ಕೇಳಿಸಿಟ್ಟಿದ್ದೆ.

ಈಗ ನಾನು ಸೈಲೆನ್ಸರಿನ ಕೊಳವೆ ಸ್ವಲ್ಪ ಕೊಯ್ಯುವುದು, ಒಳಗೆ ತಗಡು ತುಂಬುವುದು, ಅವರು ಹಿಂದೆ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿ ಕೇಳುವುದು.

“ಅಜೂನ್ ವರ. ಇನ್ನೂ ಮ್ಯಾಲ ಐತಿ. ಇಳಿಸ್ರಿ.”

ಇಳಿಸಿದೆ. “ಈಗ ಹೆಚ್ಚ ಇಳೀತು. ಹಿಂದ ಬರ್ರಿ.” ಹಿಂದೆ ಬಂದೆ. ನನಗೂ ಅದೊಂದು ಹೊಸ ಪಾಠ. ಮಧ್ಯಾಹ್ನದವರೆಗೂ ಹೀಗೇ ನಡೆಯಿತು. ರಸ್ತೆಯಲ್ಲಿ ಹೋಗುವವರು ನಿಂತು, ಹೊಗೆ ಕುಡಿಯುತ್ತ ತಲೆದೂಗುವ ಹಿರಿಯರನ್ನು ನೋಡಿ ಹೋದರು. ಕೊನೆಗೊಮ್ಮೆ ಕಾಕಾ ಕಣ್ಣು ತೆರೆದರು.

“ಸರಿ ಆತೇನ್ರಿ?” ಅಂದೆ.

“ಸ್ವರ ಬರೋಬರ್ ಐತಿ,” ಅಂದರು ಕಾಕಾ, ಸ್ವಲ್ಪ ಬೇಸರದಲ್ಲಿ. “ಘರಾಣಾ ಬ್ಯಾರೆ.”

ಕುಂದ್ರಾಕ ಛಲೋ ಜಾಗಾ

ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಬಾಗಿಲಲ್ಲಿ ರಿಕ್ಷಾ ನಿಂತಿತು. ಇಳಿದವಳು ಅವ್ವ, ಗಾಡಿ ಇನ್ನೂ ಯಾಕೆ ಬಂದಿಲ್ಲ ಅಂತ ನೋಡಲು. ನನಗೆ ತಿಳಿದದ್ದು ಒಂದೇ ದಾರಿ. ಗಾಡಿಯ ಕೆಳಗೆ ಹೊಕ್ಕೆ.

ಅವ್ವ ನನ್ನ ಪಾದದ ಜೊತೆ ಮಾತಿಗೆ ನಿಂತಳು. “ಮಿಸ್ತ್ರಿ, ಅರಾಮ ಅದೀರೇನು?”

“ಶಿವನ ದಯಾ ಐತ್ರಿ ಅವ್ವಾ.”

“ಕೆಲಸಾ ನಡೀಲಿ. ನನಗೇನ ಅವಸರಿಲ್ಲ, ಕುಂದರತೇನಿ.”

ಅವಳು ಕೂರಲು ಜಾಗ ಹುಡುಕುವ ಸಪ್ಪಳ ಕೇಳಿಸಿತು. ಮೂಲೆಯಲ್ಲಿ ಬಿಚ್ಚಿಟ್ಟ ಹಳೆಯ ಎಂಜಿನ್ನಿನ ಮೇಲೆ ನಾನು ಗೋಣಿಚೀಲ ಹೊದಿಸಿದ್ದೆ. ಅವ್ವ ನೇರ ಹೋಗಿ ಅದರ ಮೇಲೆಯೇ ಕೂತಳು. ನಾನು ಕೆಳಗೆ ಬೆನ್ನಿನ ಮೇಲೆ ಮಲಗಿ ಪಂಚಾಕ್ಷರಿ ಜಪ ಸುರು ಮಾಡಿದೆ.

ಅವಳು ಮನೆಯ ಸುದ್ದಿ ಹೇಳಿದಳು. ಸೊಸೆ ಒಳ್ಳೆಯವಳು, ಆದರೆ ಮಾತೆಲ್ಲ ಮರಾಠಿ. ಮೊಮ್ಮಕ್ಕಳಿಗೆ ಕನ್ನಡದಲ್ಲಿ ಬೈದರೆ ತಿಳಿಯುತ್ತದೆ, ತಿರುಗಿ ಉತ್ತರ ಕೊಡಲು ಬರುವುದಿಲ್ಲ. ಅದರಿಂದ ಬೈಯುವ ರುಚಿಯೇ ಹೋಗಿದೆ. ಆಮೇಲೆ ಗೋಣಿಚೀಲವನ್ನು ಕೈಯಿಂದ ತಟ್ಟಿದಳು.

“ಇದು ಕುಂದ್ರಾಕ ಭಾಳ ಛಲೋ ಐತಿ ನೋಡ್ರಿ. ಎತ್ತರಾ ಸರಿ, ಅಲ್ಲಾಡೂದಿಲ್ಲ. ಯಾರದಿದು?”

ಲಿಂಗಕ್ಕೆ ಕೈ ಹಚ್ಚಿಕೊಂಡು ಇದ್ದದ್ದನ್ನೇ ಹೇಳಿದೆ: “ನಿಮ್ಮದs ಐತ್ರಿ ಅವ್ವಾ. ಎಷ್ಟೊತ್ತ ಬೇಕ ಅಷ್ಟೊತ್ತ ಕುಂದ್ರಿ.”

“ಎಷ್ಟ ಛಂದ ಮಾತಾಡ್ತೀರಿ,” ಅಂತ ಅವ್ವ ಇನ್ನೊಂದು ತಾಸು ಕೂತಳು.

ಲಿಂಬಿಹಣ್ಣು

ಗಾಡಿ ತಯಾರಾಯಿತು. ಓಡಿಸಿ ನೋಡಲು ಸಾವಕಾರ್ರೇ ಬಂದರು. ಅವರ ಕಾಲಿಗೆ ಹಳೆಯ ಎಂಜಿನ್ನಿನ ರೂಢಿ: ಅಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದರೆ ಮಾತ್ರ ಅದು ಹೊರಡುತ್ತಿತ್ತು. ಸಾಂಗ್ಲಿಯಲ್ಲಿ ಕೃಷ್ಣೆಯ ಸೇತುವೆಗೆ ಬಂದಾಗ ಅದೇ ರೂಢಿಯಲ್ಲಿ ಒತ್ತಿದರು. ನದಿ ನೋಡಿ ಕೈಮುಗಿಯೋಣ ಅಂತ ನಾನು ಕೈ ಎತ್ತಿದ್ದೆ. ಎರಡೂ ಕೈ ಕೂಡುವಷ್ಟರಲ್ಲಿ ನದಿ ಹಿಂದೆ ಹೋಗಿತ್ತು.

ಸಾಂಗ್ಲಿವಾಡಿ ದಾಟಿ ಗಾಡಿ ನಿಂತಿತು. ಸಾವಕಾರ್ರ ಟೋಪಿ ಹಿಂದಿನ ಸೀಟಿನಲ್ಲಿತ್ತು.

“ಹಿಂಗ ಒತ್ತಿದ್ರ ಅವ್ವಗ ತಿಳಿದs ಬಿಡತೈತಿ,” ಅಂದೆ. “ಹಗರ್ಕ ಒತ್ತರಿ. ಕಾಲ ಕೆಳಗ ಲಿಂಬಿಹಣ್ಣು ಐತಿ ಅಂತ ತಿಳಕೋರಿ.”

ಅವರು ವಿಚಾರ ಮಾಡಿದರು. “ಮಿಸ್ತ್ರಿ, ಹೊಸಾ ಗಾಡಿಗೆ ನಾವು ಲಿಂಬಿಹಣ್ಣ ಇಡೂದು ಅದು ಒಡೀಲಿ ಅಂತ ಅಲ್ಲೇನ್ರಿ?”

ಗುಡ್ಡದ ತಿರುವು

ಸೋಮವಾರ ಬಂತು. ಅವ್ವ, ಇಬ್ಬರು ಮಾವಶಿಯರು ಹಿಂದೆ. ದೇವರ ದರ್ಶನವೂ ಆದೀತು ಅಂತ ನಾನು ಮುಂದೆ. ಬಾಗಿಲು ಕಿರ್ರೆಂದಿತು. ಅವ್ವ ಸಮಾಧಾನದಿಂದ ಕೂತಳು. ಸಾವಕಾರ್ರು ಲಿಂಬಿಹಣ್ಣು ಒಡೆಯದಂತೆ ಓಡಿಸಿದರು. ಗುಡ್ಡದ ಏರು ಬಂತು, ಗಾಡಿ ಏದುಸಿರು ಬಿಡದೆ ಏರಿತು. ಸದಾ ನಿಲ್ಲುತ್ತಿದ್ದ ತಿರುವು ಬಂತು. ಅದನ್ನೂ ದಾಟಿತು. ಸಾವಕಾರ್ರು ನನ್ನ ತೊಡೆ ಚಿವುಟಿದರು, ಅಷ್ಟು ಸಂತೋಷ. ಹಿಂದೆ ಅವ್ವ ಒಮ್ಮೆ ಕತ್ತು ತಿರುಗಿಸಿ ಹಿಂದಿನ ಗಾಜಿನಿಂದ ನೋಡಿದಳು.

ದರ್ಶನ ಮುಗಿಯಿತು. ಅವ್ವ ಮೆಟ್ಟಿಲ ಮೇಲೆ ಮುಖ ಆ ಕಡೆ ಮಾಡಿ ಕೂತಳು. ಪ್ರಸಾದ ಕೈಯಲ್ಲೇ ಉಳಿಯಿತು. ಮಗನಿಗೆ ತಡೆಯಲಾಗಲಿಲ್ಲ, ಕಾಲ ಹತ್ತಿರ ಕೂತರು.

“ಅವ್ವಾ, ತಪ್ಪಾತು. ಎಂಜಿನ್ ಬದಲಿ ಮಾಡಿಸೇನಿ.”

“ಮಾಡಿಸಿದ್ದ ಮಾಡಿಸಿದಿ. ಆ ತಿರುವಿನ್ಯಾಗ ಯಾಕ ನಿಂದರಲಿಲ್ಲ? ಅಕಿ ಕೊಡಾ ಹಿಡಕೊಂಡ ನಿಂತಿದ್ಲು.”

ಅಲ್ಲಿ ಕುರಿ ಮೇಯಿಸುವ ಒಬ್ಬ ಹೆಣ್ಣುಮಗಳಿದ್ದಾಳೆ. ಗಾಡಿ ಕುದಿದು ನಿಂತಾಗಲೆಲ್ಲ ನೀರು ತರುವವಳು ಅವಳೇ. ಗಾಡಿ ಆರುವವರೆಗೆ ಅವಳೂ ಅವ್ವನೂ ಬೇವಿನ ಕೆಳಗೆ ಕೂತು ಬಾಯಿತುಂಬ ಕನ್ನಡ ಮಾತಾಡುತ್ತಾರೆ. ವರ್ಷವಿಡೀ ಅವ್ವ ಕಾಯುವುದು ಆ ಸೋಮವಾರಗಳಿಗೆ. ಗಂಡನ ಹೆಸರು ಮುಂದೆ ಮಾಡಿ ಗಾಡಿಗೆ ಕೈ ಹಚ್ಚಗೊಡದೆ ಇದ್ದದ್ದು, ಗಾಡಿ ಅಲ್ಲಿ ನಿಲ್ಲುವುದು ತಪ್ಪಬಾರದು ಅಂತ.

“ನಿಲ್ಲಸು ಅಂದಿದ್ರ ನಿಲ್ಲಸತಿದ್ನಲ್ಲ ಅವ್ವಾ,” ಅಂದರು ಸಾವಕಾರ್ರು.

“ಸುಮ್ನ ನಿಲ್ಲಿಸಿದ್ರ ಸಾವಕಾರ್ರ ಮನಿಯವರು ಬಂದಾರಂತ ದೂರ ನಿಂದರತಾಳ. ನೀರು ಬೇಡಿದ್ರs ಬಾಜೂಕ ಬಂದ ಕುಂದರತಾಳ.” ಅವ್ವ ಎದ್ದು ಸೆರಗು ಸರಿಮಾಡಿಕೊಂಡಳು. “ಈಗ ಇಳಿಯೂಮುಂದ ಕೆಡಸು. ಅಕಿಗೆ ಮಾತ್ರ ಗೊತ್ತಾಗಬಾರದು.”

ಅದೇ ತಿರುವಿನ ಇಳಿಜಾರಿನಲ್ಲಿ, ಕಾಲು ತೆಗೆದರೂ ತಾನೇ ಓಡುವ ಜಾಗದಲ್ಲಿ, ಗಾಡಿ ಕೆಟ್ಟು ನಿಂತಿತು. ಸಾವಕಾರ್ರು ಬಾನೆಟ್ ಎತ್ತಿ ದುಃಖದ ಮುಖ ಮಾಡಿದರು. ಕೊಡ ಹೊತ್ತು ಆ ಹೆಣ್ಣುಮಗಳು ಓಡಿ ಬಂದಳು.

“ಏರೂಮುಂದ ನಿಂದರಲಿಲ್ಲ, ಹೆದರಿದ್ದೆ ನೋಡ ಅಕ್ಕಾ.”

“ಏರೂಮುಂದ ಹೆಂಗೋ ಹೋತವಾ. ಈಗ ಇಳಿಯೂದೂ ಆಗವಲ್ದು ಇದಕ್ಕ,” ಅಂದಳು ಅವ್ವ, ಮತ್ತು ಬೇವಿನ ಕೆಳಗೆ ಜಾಗ ಒರೆಸಿದಳು.

ನೀರು ಹಾಕುವ ಹೊಣೆ ನನ್ನ ಮೇಲೆ ಬಂತು. ರೇಡಿಯೇಟರ್ ಗಂಟಲಮಟ್ಟ ತುಂಬಿತ್ತು. ಗಾಜು ಒರೆಸುವ ನೀರಿನ ಡಬ್ಬಿಗೆ ಒಂದಿಷ್ಟು ಹಾಕಿದೆ, ಉಳಿದದ್ದರಲ್ಲಿ ಮುಖ ತೊಳೆದೆ. ಆ ಹೆಣ್ಣುಮಗಳು ಹತ್ತಿರ ಬಂದು ಬಗ್ಗಿ ಒಳಗೆ ನೋಡಿದಳು. ವಿಭೂತಿ ಇತ್ತು, ಕುಂಕುಮ ಇತ್ತು. ಅವಳು ಅದನ್ನು ನೋಡಲಿಲ್ಲ.

“ಮಿಸ್ತ್ರಿ,” ಅಂದಳು ಸಣ್ಣಗೆ, “ನೀರು ಹಾಕೂ ಬಾಯಿ ಮೊದಲ ಈ ಕಡಿ ಇತ್ತು. ಈಗ ಆ ಕಡಿ ಹೋಗೇತಿ. ಎಂಜಿನ್ ಬದಲಿ ಮಾಡೀರಿ, ಹೌದಿಲ್ರಿ?”

ಸುಳ್ಳು ಹೇಳುವವನಲ್ಲ ನಾನು. “ಹೌದವಾ.”

“ಅಕ್ಕಗ ಹೇಳಬ್ಯಾಡ್ರಿ. ಗಾಡಿ ಛಲೋ ಆಗೇತಿ ಅಂತ ಗೊತ್ತಾದ್ರ ಇಲ್ಲಿ ಯಾಕ ನಿಂದರತಾಳ ಅಕಿ.”

ಹಾಗಂದು ತಣ್ಣಗಿದ್ದ ರೇಡಿಯೇಟರಿನ ಮೇಲೆ ಕೈ ಇಟ್ಟು, ಸುಟ್ಟಂತೆ ಚಟ್ಟನೆ ತೆಗೆದು, ಬೇವಿನ ಕಡೆಗೆ ಕೂಗಿ ಹೇಳಿದಳು:

“ಭಾಳ ಕಾದೈತಿ ಅಕ್ಕಾ. ಇನ್ನೂ ಒಂದ ತಾಸ ಹಿಡೀತೈತಿ.”