ಕೇಳಿ ತಂದರೆ ಚಿಗುರದ ಗುಲಾಬಿ

ನಮ್ಮ ಸೋದರಮಾವ ಬಳ್ಳಾರಿ ಕೋರ್ಟಿನಲ್ಲಿ ಶಿರಸ್ತೇದಾರರು. ಇಪ್ಪತ್ತು ವರ್ಷ ಕಳ್ಳರ ಕಾಗದಪತ್ರ ತಿರುವಿದ ಆ ಮಹಾನುಭಾವರು ಒಮ್ಮೆ ತಾವೇ ಕಳ್ಳತನಕ್ಕಿಳಿದರು ಎಂದರೆ ನಂಬುತ್ತೀರಾ? ನಂಬದಿದ್ದರೆ ಬಿಡಿ. ಎಪ್ಪತ್ತರ ದಶಕದ ಮಾತು, ನಾನಾಗ ಕಾಲೇಜಿನಲ್ಲಿದ್ದೆ. ಆ ದಿನ ಕೈಚೀಲ ಹಿಡಿದು ನಿಂತವನು ನಾನೇ!

ಎಲ್ಲಾ ಶುರುವಾದದ್ದು ಮಾವನ ಜಂಬದಿಂದ. "ಪ್ಯಾಟಿ ಗುಲಾಬಿಗೆ ವಾಸನಿನ ಇಲ್ಲ. ನಮ್ಮ ಅಂಗಳದಾಗ ಘಮಾ ಅನ್ನೋ ಹೂವ ಬೆಳದು ಕೊಡ್ತೀನಿ ನಿನಗ" ಎಂದು ಅತ್ತೆಗೆ ಹೇಳಿಬಿಟ್ಟರು. ಅತ್ತೆಯೇನು ಕಡಿಮೆಯೆ? "ಹಂಗಾರ ಅಲ್ಲೀತನಾ ನಾ ಹೂವ ಮುಡಿಯಂಗಿಲ್ಲ" ಎಂದರು. ಬೆಂಗಳೂರಿನಿಂದ ತರಿಸಿದ ಸಸಿಗಳು ಎರಡು ಬೇಸಿಗೆ ಸಾಲಾಗಿ ಸುಟ್ಟುಹೋದವು. ಮುತ್ತೈದೆಯ ಬರೀ ತುರುಬು ಕಂಡು ಓಣಿಯೆಲ್ಲ ಗುಸುಗುಸು. ಮಾವನಿಗೆ ಊಟ ಸೇರದಾಯಿತು.

ಆಮೇಲೆ ಗುಲಾಬಿಗೂ ಕನ್ಯಾಪರೀಕ್ಷೆ! ಸಿರುಗುಪ್ಪದಲ್ಲಿ ಸಸಿ ಮಾರುವವನನ್ನು ಕೇಳಿದರು:

"ಇದರ ತವರು ಯಾವುದೋ?"

"ಊಟಿ ರೀ ಸಾಹೇಬ್ರ."

"ತಂಪಿನಾಗ ಬೆಳದ ಕೂಸು, ನಮ್ಮ ಬಿಸಲಾಗ ಬಾಳೇವು ಮಾಡಂಗಿಲ್ಲ. ಬ್ಯಾಡ."

ಇನ್ನೊಂದು ಗಿಡ ಗಟ್ಟಿಮುಟ್ಟಾಗಿತ್ತು, ಹೂವೂ ಬೋಗುಣಿಯಷ್ಟಿತ್ತು. ಮೂಗಿಟ್ಟರೆ ಕಾಗದದ ಹೂವೇ ವಾಸಿ! "ರೂಪ ಐತಿ, ಗುಣಾ ಇಲ್ಲ" ಎಂದು ಎದ್ದರು.

ಕೊನೆಗೆ ಸಿಕ್ಕಿದ್ದು ಕುರುಗೋಡಿನಲ್ಲಿ, ಒಬ್ಬ ಅಜ್ಜಿಯ ಬಚ್ಚಲ ಮೋರಿಯ ಪಕ್ಕ. ಪನ್ನೀರು ಗುಲಾಬಿ! ತಿಳಿಗೆಂಪು ಸಣ್ಣ ಹೂ, ಓಣಿಗೇ ಘಮ.

"ಯವ್ವಾ, ಬ್ಯಾಸಿಗ್ಯಾಗ ಏನ್ ಮಾಡತೈತಿ ಇದು?"

"ಏನ್ ಮಾಡತೈತಿ! ನನ್ನಂಗ ಬಿಸಲಿಗೆ ಬೈಕೋಂತ ನಿಲ್ಲತೈತಿ."

ಮಾವ ಭಕ್ತಿಯಿಂದ ಒಂದು ಕಡ್ಡಿ ಬೇಡಿದರು. ಅಜ್ಜಿ ಒಪ್ಪಲಿಲ್ಲ. "ಕೇಳಿ ಒಯ್ದದ್ದು ಚಿಗಿಯಂಗಿಲ್ಲೋ ಯಪ್ಪಾ, ಕದ್ದದ್ದ ಚಿಗೀತೈತಿ. ನಾ ಒಳಗ ಹೋಗ್ತೀನಿ, ನೀ ಕದಿ."

ಕದಿಯಲು ಬರಬೇಕಲ್ಲ! ಮಾವ ಕಡ್ಡಿ ಮುರಿಯುವಷ್ಟರಲ್ಲಿ ಮೂರು ಮುಳ್ಳು ಚುಚ್ಚಿಸಿಕೊಂಡು, ಬಾಗಿಲಿಗೆ ಹೋಗಿ, "ಯವ್ವಾ, ಕದ್ದೀನಿ. ಹೋಗಿ ಬರ್ಲಾ?" ಎಂದು ಅಪ್ಪಣೆ ಕೇಳಿದರು! ಅಜ್ಜಿ ಹಣೆ ಚಚ್ಚಿಕೊಂಡಳು: "ಇದೂ ಕೇಳಿದಂಗ ಆತಲ್ಲೋ! ಇನ್ನೊಂದು ಮುರ್ಕೊಂಡು ಸುಮ್ಮನ ಓಡು!"

ಓಡಿದೆವು. ಕಡ್ಡಿಯ ತುದಿಗೆ ಸಗಣಿ ಮೆತ್ತಿ ನೆಟ್ಟರು, ಚಿಗುರಿತು. ಬೇಸಿಗೆ ಬರುತ್ತಲೇ ಮಾವ ತಮ್ಮ ಕೊಡೆಯನ್ನು ಗಿಡಕ್ಕೆ ಕಟ್ಟಿ, ಬರಿತಲೆಯಲ್ಲಿ ಕೋರ್ಟಿಗೆ ನಡೆದರು. ಯಾರಾದರೂ ಕೇಳಿದರೆ "ನಂದು ಬಳ್ಳಾರಿ ತಲಿ, ಏನೂ ಆಗಂಗಿಲ್ಲ!" ಹದಿನೈದು ದಿನವೂ ಆಗಿರಲಿಲ್ಲ, ಬಿಸಿಲು ಹೊಡೆದು ಕೋರ್ಟಿನ ಮೆಟ್ಟಿಲ ಮೇಲೆ ಕುಸಿದರು.

ಟಾಂಗಾದಲ್ಲಿ ಮನೆಗೆ ತಂದೆವು. ಅತ್ತೆ ಎರಡು ದಿನ ಹಣೆಗೆ ತಣ್ಣೀರ ಬಟ್ಟೆ ಹಾಕುತ್ತ ಅತ್ತರು. "ಗಿಡಾ ಹೋದ್ರ ಹೋಗ್ಲಿ. ಹಾಳು ಹಟಾ ನಂದು. ನೀವು ಎದ್ರ ಸಾಕು ನನಗ." ಕೊಡೆಯನ್ನು ಬಿಚ್ಚಿ ಒಳಗೆ ತಂದರು. ಗಿಡಕ್ಕೆ ಅದು ಬೇಕೇ ಇರಲಿಲ್ಲ ನೋಡಿ! ಬಯಲ ಬಿಸಿಲಿನಲ್ಲೇ ಮೊಗ್ಗು ಬಿಟ್ಟಿತು.

ಅರಳಿದ ಬೆಳಿಗ್ಗೆ ಮಾವ ಗೋಡೆ ಹಿಡಿದು ಅಂಗಳಕ್ಕೆ ಬಂದರು. ಆ ಕಾಲದಲ್ಲಿ ಗಂಡಸರು ನಾಲ್ಕು ಜನರೆದುರು ಹೆಂಡತಿಗೆ ಹೂ ಮುಡಿಸುವುದುಂಟೆ? ಮಾವ ಮುಡಿಸಲು ಹೋದರು. ಎರಡು ಸಲ ಸಿಕ್ಕಿಸಿದರೂ ಹೂ ನಿಲ್ಲಲೊಲ್ಲದು. ಅತ್ತೆ ತಲೆ ತಗ್ಗಿಸಿ ನಿಂತೇ ಇದ್ದರು.

"ಅವಸರ ಮಾಡಬ್ಯಾಡ್ರಿ" ಎಂದರು. "ನಾ ಎಲ್ಲಿಗೂ ಹೋಗಂಗಿಲ್ಲ."