ಮಾವನ ಬಾವಿಗೆ ಒಳ್ಳೆಯ ಗರಗಸ

ಕುಣಿಯಲಾರದವಳು ನೆಲ ಡೊಂಕೆಂದಳು ಅಂತ ನಾವೆಲ್ಲ ಆ ಹೆಣ್ಣುಮಗಳನ್ನು ಆಡಿಕೊಳ್ಳುತ್ತೇವೆ. ನನಗೆ ಮಾತ್ರ ಅವಳ ಮೇಲೆ ಮೊದಲಿನಿಂದಲೂ ಮರುಕ. ಕೈಯಲ್ಲಿ ಕಸುಬಿಲ್ಲದವರಿಗೆ ಸಲಕರಣೆಗಳ ಮೇಲಿರುವ ಭಕ್ತಿ ಕಸುಬುದಾರರಿಗೆ ಎಲ್ಲಿಂದ ಬರಬೇಕು? ಬರೆಯಲು ಒಳ್ಳೆಯ ಟಾಕು ಸಿಕ್ಕರೆ ಅಕ್ಷರ ತಾನಾಗಿಯೇ ದುಂಡಗಾಗುತ್ತದೆ ಎಂದು ನಂಬಿ ಬದುಕಿದವನು ನಾನು. ನನ್ನ ಟಾಕುಗಳು ಇವತ್ತಿಗೂ ಚೆನ್ನಾಗಿವೆ, ಅಕ್ಷರ ಮಾತ್ರ ಕೋಳಿ ಕೆದರಿದ ಹಾಗಿದೆ. ಹೀಗಾಗಿ, ಮಸ್ಕಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ನನ್ನ ಹೆಂಡತಿ ನೀಲಮ್ಮ ಒಂದು ಕಟ್ಟಿಗೆಯ ನಮೂನೆ ಮಾಡಿಕೊಡಿ ಎಂದು ಕೇಳಿದರೆ, ನಾನು ಮೊದಲು ಯೋಚಿಸಿದ್ದು ಗರಗಸದ ಬಗ್ಗೆ.

ನಮೂನೆ ಏನೆಂದರೆ, ಅವಳ ತಂದೆಯ ಬಾವಿ. ಮಾವ ಬಸಪ್ಪನವರದು ಸಿಂಧನೂರಿನ ಮಗ್ಗುಲಲ್ಲಿ ಹೊಲ. ಹೊಲದಲ್ಲಿ ಅವರ ಅಜ್ಜ ತೋಡಿಸಿದ ಕಪಿಲೆ ಬಾವಿ. ಎತ್ತುಗಳು ಹಗ್ಗ ಎಳೆದಂತೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬಂದು ಸುರಿಯಬೇಕು, ಅಂಥದು. ಆಗ ನಮ್ಮ ಸೀಮೆಗೆ ಕಾಲುವೆ ಬರುತ್ತಿದ್ದ ಕಾಲ. ಅಳತೆಯವರು ಸುಣ್ಣದ ಗೆರೆ ಎಳೆಯುತ್ತ ಬಂದರು, ಗೆರೆ ನೆಟ್ಟಗೆ ಬಾವಿಯ ಮೇಲೇ ಹಾದುಹೋಯಿತು. ಬಾವಿ ಮುಚ್ಚಬೇಕು ಎಂದಾಯಿತು. ಮಾವ ತಕರಾರು ಮಾಡಲಿಲ್ಲ. "ಸೀಮೀಗೆಲ್ಲ ನೀರು ಬರ್ತದಂದ್ರ ನಂದೊಂದು ಬಾವಿ ಯಾವ ಲೆಕ್ಕ" ಎಂದರು. ಅಷ್ಟು ಹೇಳಿ ಸುಮ್ಮನಾದವರು ಸುಮ್ಮನೇ ಉಳಿದರು.

ಅವರು ಸುಮ್ಮನಿರುವುದು ಎಂಥ ಗಾಬರಿಯ ಸಂಗತಿ ಎನ್ನುವುದು ನನಗೆ ಗೊತ್ತು. ಮದುವೆಯಾದ ದಿನದಿಂದ ನನ್ನನ್ನು ಗೇಲಿ ಮಾಡುವುದೇ ಅವರ ಊಟದ ಉಪ್ಪಿನಕಾಯಿ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ, ಈಗ ಕನ್ನಡದಲ್ಲಿ ಪಾಠ ಹೇಳುವ ನನ್ನನ್ನು ಬಂದವರಿಗೆಲ್ಲ "ನಮ್ಮ ಅಳಿಯಂದ್ರು ಉರ್ದುದಾಗ ಕಲ್ತು ಕನ್ನಡದಾಗ ಮರ್ತಾರ" ಎಂದು ಪರಿಚಯ ಮಾಡಿಸುತ್ತಿದ್ದರು. ಅಂಥವರು ಈಗ "ಊಟ ಆತೇನ್ರಿ", "ಕೂಡ್ರಿ", "ಹೌದ್ರಿ" ಎಂದು ಮರ್ಯಾದೆಯಿಂದ ಮಾತನಾಡಿಸತೊಡಗಿದರು. ಒಂದು ಸಲ ನಾನು ಸಾರನ್ನು ಅಂಗಿಯ ಮೇಲೆ ಚೆಲ್ಲಿಕೊಂಡೆ. ಅವರು ನೋಡಿದರು, ಏನೂ ಅನ್ನಲಿಲ್ಲ.

"ಅಪ್ಪ ನಿಮಗ ಏನೂ ಅನ್ನವಲ್ಲ. ನನಗ ಹೆದರಿಕಿ ಆಗ್ಯದ" ಎಂದು ನೀಲಮ್ಮ ಕಣ್ಣೀರು ತಂದುಕೊಂಡಳು. "ಬಾವಿ ಹೋದ್ರ ಹೋಗಲಿ, ಅದರದೊಂದು ನಮೂನಿ ಕಣ್ಣ ಮುಂದ ಇದ್ರ ಜೀವಕ್ಕ ಸಮಾಧಾನ ಆಗಬಹುದು. ಮಾಡಿಕೊಡ್ರಿ."

ಮಾವನಿಗೆ ತಿಳಿಯದ ಹಾಗೆ ಮಾಡಬೇಕೆಂದು ನಮ್ಮಿಬ್ಬರ ಕರಾರು. ನಾನು ಮಸ್ಕಿಯ ಬಡಿಗೇರರನ್ನೆಲ್ಲ ಕಾಡಿ ಗರಗಸದ ಶಾಸ್ತ್ರ ಕಲಿತೆ. ತೆಳು ಹಲಗೆಗೆ ಸಣ್ಣ ಹಲ್ಲಿನದೇ ಆಗಬೇಕು. ಹಲಗೆಯ ದಪ್ಪದಲ್ಲಿ ಮೂರು ಹಲ್ಲಾದರೂ ಒಟ್ಟಿಗೆ ಕೂರಬೇಕು, ಇಲ್ಲದಿದ್ದರೆ ಎಳೆ ಕಿತ್ತು ಬರುತ್ತದೆ. ಅಲಗನ್ನು ಬಗ್ಗಿಸಿ ಬಿಟ್ಟರೆ ಮೊದಲಿನಂತೆ ನೆಟ್ಟಗಾಗಬೇಕು. ಇಷ್ಟನ್ನು ಬಾಯಿಪಾಠ ಮಾಡಿಕೊಂಡು ಲಿಂಗಸುಗೂರಿಗೆ ಹೊರಟರೆ, ಹಿಂದಿನ ದಿನವಷ್ಟೇ ನಮ್ಮ ಮನೆಗೆ ಬಂದಿದ್ದ ಮಾವ "ನಾನೂ ಬರ್ತೀನ್ರಿ, ಮನ್ಯಾಗ ಕುಂತು ಏನು ಮಾಡ್ಲಿ" ಎಂದು ಹೆಗಲ ಮೇಲೆ ಟವಲು ಹಾಕಿಕೊಂಡರು. ಶಾಲೆಗೆ ಗರಗಸ ತರಬೇಕಾಗಿದೆ ಎಂದು ಸುಳ್ಳು ಹೇಳಿದೆ.

ಲಿಂಗಸುಗೂರಿನಲ್ಲಿ ಖಾಸೀಂ ಸಾಹೇಬರದು ಕಬ್ಬಿಣ ಸಾಮಾನಿನ ದುಕಾನು. ಅವರು ನಾಲ್ಕಾರು ಗರಗಸ ತಂದು ಹಾಸಿದರು. ನಾನು ಅತ್ಯಂತ ಸಣ್ಣ ಹಲ್ಲಿನ, ಬೆನ್ನಿಗೆ ಹಿತ್ತಾಳೆಯ ಪಟ್ಟಿಯಿದ್ದ ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಮಾವ ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು, ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡುವ ಹಾಗೆ, ಹೆಬ್ಬೆರಳಿನಿಂದ ಹಲ್ಲು ಸವರಿದರು.

"ಇದಕ್ಕಿನ್ನೂ ಹಾಲಹಲ್ಲು. ನೊಗಕ್ಕ ಬರಂಗಿಲ್ಲ" ಎಂದು ಬದಿಗಿಟ್ಟರು. ಆಮೇಲೆ ತೊಲೆ ಕೊಯ್ಯುವ ಒಂದು ಭಾರೀ ಗರಗಸ ಎಳೆದುಕೊಂಡರು. "ಇದು ನೋಡ್ರಿ, ಬಾಯಿಗೂಡಿದ್ದು, ಹಲ್ಲೆಲ್ಲ ಬಂದಾವ. ಬೆನ್ನು ಸಪಾಟದ, ಸುಳಿ ಇಲ್ಲ. ಖಾಸೀಂ, ಒಂದು ಕಟ್ಟಿಗಿ ತಾ. ನಡಿಗಿ ನೋಡಬೇಕು."

"ಗೌಡ್ರ, ಇದು ಎತ್ತಲ್ರಿ" ಎಂದರು ಸಾಹೇಬರು.

"ಎರಡೂ ಎಳಿಯೋವೇ ಹೌದಲ್ಲೋ" ಎಂದರು ಮಾವ.

ಅಷ್ಟು ತಿಂಗಳಲ್ಲಿ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂಗೈಯಗಲದ ಬಾವಿಗೆ ಆನೆಯಂಥ ಗರಗಸ ಬೇಡವೆಂದು ಹೇಳಲು ನನಗೆ ಮನಸ್ಸೂ ಬರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ತೆಗೆದುಕೊಂಡೆ. ಬಸ್ಸಿನಲ್ಲಿ ಅದನ್ನು ಕಂಡವರೆಲ್ಲ ದೂರ ಸರಿದು ಕೂತರು. ಮಾವ ದಾರಿಯುದ್ದಕ್ಕೂ ಅದರ ಹಿಡಿ ಹಿಡಿದುಕೊಂಡು ಕೂತಿದ್ದರು. ಮಸ್ಕಿಯಲ್ಲಿ ಇಳಿದ ಮೇಲೆ ಮತ್ತೆ "ಹೌದ್ರಿ" ಶುರುವಾಯಿತು.

ಶಾಲೆಗೆ ಸೂಟಿಯಿದ್ದ ಮುಂದಿನ ದಿನ ಒಬ್ಬನೇ ಹೋಗಿ ಹಾಲಹಲ್ಲಿನದನ್ನು ತಂದೆ. ಜೊತೆಗೆ ಉಜ್ಜಿ ನುಣುಪು ಮಾಡಲು ಮೂರು ಅರ: ಒಂದು ಚಪ್ಪಟೆ, ಒಂದು ಅರೆದುಂಡು, ಇನ್ನೊಂದು ಸಣ್ಣ ತೂತಿನೊಳಗೆ ಹೋಗುವ ಇಲಿಬಾಲ. ಅರ ಆರಿಸುವುದು ಗರಗಸಕ್ಕಿಂತ ಸೂಕ್ಷ್ಮ. ಉಗುರು ಎಳೆದರೆ ತುದಿಯಿಂದ ಬುಡದವರೆಗೆ ಒಂದೇ ಸಮ ಕಚ್ಚಬೇಕು. ಬಿಸಿಲಿಗೆ ಓರೆ ಹಿಡಿದಾಗ ಎಲ್ಲಿಯಾದರೂ ಹೊಳೆದರೆ ಅಲ್ಲಿ ಹಲ್ಲು ಸವೆದಿದೆ ಎಂದರ್ಥ. "ಮಾಸ್ತರ, ಅರಕ್ಕ ಬೋರ್ಡಿನ ಮ್ಯಾಲ ಬರಿಯೋ ಖಡು ಸವರಿಕೊಳ್ರಿ, ಹೊಟ್ಟು ಅಂಟಂಗಿಲ್ಲ. ಖಡು ಅಂತೂ ನಿಮ್ಮ ಅಂಗೀ ಮ್ಯಾಲೇ ಬೇಕಾದಷ್ಟದ" ಎಂದರು ಸಾಹೇಬರು. ನಾನು ದುಕಾನಿನ ಬಾಗಿಲಲ್ಲಿ ನಿಂತು ಉಗುರು ಎಳೆದೂ ಎಳೆದೂ, ಅವರು ನಮಾಜಿಗೆ ಹೋಗಿ ತಿರುಗಿ ಬಂದರೂ ಅಲ್ಲೇ ಇದ್ದೆ.

ಖರೇ ಹೇಳುತ್ತೇನೆ, ಆ ಸಲಕರಣೆಗಳು ನನ್ನನ್ನು ಮನುಷ್ಯನನ್ನಾಗಿ ಮಾಡಿದವು. ಸಾಗುವಾನಿಯನ್ನು ಗರಗಸ ಬೆಣ್ಣೆಯಂತೆ ಕೊಯ್ದಿತು. ಹಗ್ಗ ಹಾಯುವ ಗಾಲಿಯ ತೂತನ್ನು ಇಲಿಬಾಲದಿಂದ ಎಷ್ಟು ನುಣುಪು ಮಾಡಿದೆನೆಂದರೆ, ಊದಿದರೆ ಗಾಲಿ ತಿರುಗುತ್ತಿತ್ತು. ಹಳೆಯ ಚಪ್ಪಲಿಯ ತೊಗಲಿನಿಂದ ಚೀಲವಾಯಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವಂಥ ಎರಡು ಎತ್ತುಗಳನ್ನು ನೀಲಮ್ಮ ಮಾಡಿಕೊಟ್ಟು, "ದಾರಿ ನೀವು ಮಾಡಿದ ಮ್ಯಾಲ ನಿಂದ್ರಸ್ರಿ" ಎಂದಳು. ಎತ್ತು ನಡೆಯುವ ಇಳಿಜಾರಿನ ದಾರಿಯನ್ನು ನಾನು ಚಪ್ಪಟೆ ಅರದಿಂದ ಕನ್ನಡಿಯಾಗುವವರೆಗೆ ಉಜ್ಜಿ, ಎತ್ತುಗಳನ್ನು ಅಂಟಿಸಿದೆ.

ಬಾವಿ ಮುಚ್ಚಿದ ವಾರ ಮಾವ ಮಸ್ಕಿಗೆ ಬಂದರು. ಮುಖ ನೋಡುವ ಹಾಗಿರಲಿಲ್ಲ. ನಾನು ನಮೂನೆಯನ್ನು ಮುಂದಿಟ್ಟೆ. ಅವರು ಅದನ್ನು ಬಾಗಿಲ ಬೆಳಕಿಗೆ ಒಯ್ದು ಕೂತರು. ಗಾಲಿ ತಿರುಗಿಸಿದರು. ಚೀಲ ಮುಟ್ಟಿದರು. ನೀಲಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ತಪ್ಪು ಮಾಡಿದೆವು, ಗಾಯದ ಮೇಲೆ ಬರೆ ಎಳೆದೆವು ಎಂದುಕೊಂಡೆ.

"ಅಳಿಯಂದ್ರ, ನೀರು ಎಳಿಯೋವಾಗ ಎತ್ತು ಎತ್ತಾಗ ಹೊಂಟಾವ್ರಿ?"

"ಮೇಲಕ್ಕೆ" ಎಂದೆ.

ಮಾವ ಇನ್ನೊಮ್ಮೆ ನೋಡಿದರು. ಅವರ ಹೊಟ್ಟೆ ಮೊದಲು ಅಲುಗಿತು. "ನೀಲಾ, ಬಾ ಇಲ್ಲೆ. ನಿನ್ನ ಗಂಡನ ಎತ್ತು ಗುಡ್ಡಾ ಏರಿಕೋತ ನೀರು ಎಳ್ಯಾಕತ್ತಾವ. ಇಂಥಾವು ನನ್ನ ಕಡೆ ಇದ್ದಿದ್ರ ಬಾವಿ ಯಾಕ ಬೇಕಿತ್ತು, ಹೊಳೀನೇ ಎಳಕೊಂಡು ಬರ್ತಿದ್ದೆ."

ಎತ್ತು ಇಳಿಜಾರಿನಲ್ಲಿ ಕೆಳಗೆ ಇಳಿಯುತ್ತ ನೀರು ಎಳೆಯುತ್ತವೆ, ಮೈಭಾರವೇ ಅವಕ್ಕೆ ಬಲ. ಇದು ನಮ್ಮ ಸೀಮೆಯ ತೊಟ್ಟಿಲ ಕೂಸಿಗೂ ಗೊತ್ತು. ನಾನೋ, ಮಾವನ ಬಾವಿಯನ್ನು ಕಂಡದ್ದೆಲ್ಲ ಅದರ ನೀರಿನ ಕೆಳಗೆ ಸ್ನಾನಕ್ಕೆ ನಿಂತು, ಕಣ್ಣಲ್ಲಿ ಸಾಬೂನು ತುಂಬಿಕೊಂಡಾಗ. ಇಳಿಜಾರೇನೋ ಮಾಡಿದ್ದೆ, ಬಾವಿಯ ಕಡೆಗೆ. ಮಾವ ನಕ್ಕೂ ನಕ್ಕೂ ಟವಲಿನಿಂದ ಕಣ್ಣೊರೆಸಿಕೊಂಡರು. ಟವಲು ಬಹಳ ಹೊತ್ತು ಅಲ್ಲೇ ಇತ್ತು.

"ಕೊಡ್ರಿ, ಅರ್ಧ ತಾಸಿನ ಕೆಲಸ, ಸರಿಮಾಡ್ತೀನಿ" ಎಂದು ಕೈ ಚಾಚಿದೆ.

"ಮುಟ್ಟೀರಿ ಮತ್ತ" ಎಂದು ಅದನ್ನು ಎದೆಗೆ ಅವುಚಿಕೊಂಡರು.

ಅದೀಗ ಸಿಂಧನೂರಿನ ಮನೆಯ ಪಡಸಾಲೆಯಲ್ಲಿದೆ. ಬಂದವರಿಗೆಲ್ಲ ಮಾವ ಮೊದಲು ಅಳಿಯನ ಗುಡ್ಡ ಏರುವ ಎತ್ತು ತೋರಿಸಿ ನಗಿಸುತ್ತಾರೆ. ಆಮೇಲೆ "ಹಿಂಗಲ್ಲ, ಹಿಂಗಿತ್ತು" ಎಂದು ಅಂಗೈ ಇಳಿಜಾರಾಗಿ ಹಿಡಿದು, ಅಜ್ಜನಿಂದ ಶುರುಮಾಡಿ ಬಾವಿಯ ಕಥೆಯನ್ನೆಲ್ಲ ಹೇಳುತ್ತಾರೆ. "ನೀವು ಸರಿಯಾಗಿ ಮಾಡಿದ್ದಿದ್ರ ಅಪ್ಪಗ ಹೇಳಾಕ ಏನು ಉಳೀತಿತ್ತು, ಬಿಡ್ರಿ" ಎನ್ನುತ್ತಾಳೆ ನೀಲಮ್ಮ. ಬಸ್ಸಿನಲ್ಲಿ ಗುರುತಿಲ್ಲದವರು ಕೂಡ "ಏರೋ ಎತ್ತಿನ ಮಾಸ್ತರು ನೀವೇ ಏನ್ರಿ?" ಎಂದು ಕೇಳುತ್ತಾರೆ. ನಾನೇ ಎನ್ನುತ್ತೇನೆ. ಆ ದಾರಿಯ ನುಣುಪು ಎಂಥದು, ಅದಕ್ಕೆ ಬಳಸಿದ ಅರ ಎಂಥದು ಎಂದು ಅವರು ಕೇಳಬಹುದೇನೋ ಅಂತ ಸ್ವಲ್ಪ ಹೊತ್ತು ಕಾಯುತ್ತೇನೆ. ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ.